ಲಾನ್ ರೋಡಿನ ಬಿಳಿ ಹಡಗು

ಭಾನುವಾರ ಸುಮ್ನೆ ಮನೆಯಲ್ಲಿ ಕೂರುವುದು ಬೇಡ ಅಂತ ಲಂಡನ್ನಿನ ಬೆಲ್‌ಸೈಜ್ ಪಾರ್ಕ್‌ನಲ್ಲಿ ಇಳಿದು, ತುಂಬಾ ದಿನದಿಂದ ನೋಡಬೇಕು ಅಂದುಕೊಂಡಿದ್ದ ಲಾನ್ ರೋಡಿನ ಐಸೊಕಾನ್ ಫ್ಲಾಟ್ಸ್ ಅನ್ನೋ ವಸತಿ ಕಟ್ಟಡ ನೋಡಿ ಬಂದೆ. ಸುತ್ತ ಎಲ್ಲ ಇಟ್ಟಿಗೆ ಮನೆಗಳು, ಮಧ್ಯೆ ಇದೊಂದು ಬೆಳ್ಳಗೆ ನಿಂತಿದೆ. 1934ರದ್ದು ಅಂದರೆ ನಂಬುವುದೇ ಕಷ್ಟ! ವಾಸ್ತುಶಿಲ್ಪಿ ವೆಲ್ಸ್ ಕೋಟ್ಸ್ ಕಾಂಕ್ರೀಟಿನಲ್ಲಿ ವಿನ್ಯಾಸ ಮಾಡಿದ್ದು. ಒಂದಿಷ್ಟೂ ಅಲಂಕಾರ ಇಲ್ಲ. ಮನೆಗಳ ಬಾಗಿಲಿಗೆ ಹೋಗಲು ಹೊರಗಡೆಯೇ ಉದ್ದಕ್ಕೆ ಮೊಗಸಾಲೆ, ಪಕ್ಕದಲ್ಲಿ ಮೆಟ್ಟಿಲು. ಹಡಗಿನ ಡೆಕ್ ಥರ.

ಒಳಗಿನ ಲೆಕ್ಕಾಚಾರ ಇನ್ನೂ ಮಜಾ. ಹೆಚ್ಚಿನವು ಒಂದೇ ಕೋಣೆಯ ಮನೆಗಳು, ಸಾಮಾನೆಲ್ಲ ಗೋಡೆಗೇ ಸೇರಿಸಿದ್ದು, ಅಡುಗೆಮನೆ ಅಂತೂ ಕಾಫಿ ಕಾಯಿಸುವಷ್ಟು ಜಾಗ, ಯಾಕೆಂದರೆ ಕೆಳಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ ಇತ್ತು, ಊಟ ಪುಟ್ಟ ಲಿಫ್ಟಿನಲ್ಲಿ ಮೇಲೆ ಬರುತ್ತಿತ್ತು. (ನಮ್ಮಮ್ಮ ಇದನ್ನು ಮನೆ ಅಂತ ಒಪ್ಪುವುದೇ ಇಲ್ಲ.)

ಜರ್ಮನಿ ಬಿಟ್ಟು ಬಂದ ಹೆಸರಾಂತ ವಾಸ್ತುಶಿಲ್ಪಿ ಗ್ರೋಪಿಯಸ್ ಇಲ್ಲಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ ಇದ್ದಳು. ಸೋವಿಯತ್ ಗೂಢಚಾರ ಆರ್ನಾಲ್ಡ್ ಡಾಯ್ಚ್ ಕೂಡ! ಇಂಥ ನೆರೆಹೊರೆ ಯಾರಿಗುಂಟು?

ಆಮೇಲೆ ಹಾಳುಬಿದ್ದು, 2000ದ ದಶಕದ ಮೊದಲಲ್ಲಿ ರಿಪೇರಿ ಆಯಿತು. ಈಗ ಗ್ರೇಡ್ ಒಂದರ, ಅಂದರೆ ಅಲ್ಲಿನ ಅತ್ಯುನ್ನತ ದರ್ಜೆಯ, ಸಂರಕ್ಷಿತ ಕಟ್ಟಡ. ಹಳೇ ಗ್ಯಾರೇಜಿನಲ್ಲಿ ಪುಟ್ಟ ಗ್ಯಾಲರಿ ಇದೆ. ಜನ ಇನ್ನೂ ವಾಸ ಇದ್ದಾರೆ. ಮೂರನೇ ಮಹಡಿಯಲ್ಲಿ ಯಾರೋ ಟವೆಲ್ ಒಣಹಾಕಿದ್ದರು, ನನಗೆ ಅದೇ ಜಾಸ್ತಿ ಇಷ್ಟವಾಯಿತು.