ಜೈಲಿನ ಗೇಟಿನ ಹೊರಗಡೆ ಇರೋ ಕೆಲಸ

ನಮ್ಮ ಚರ್ಚಲ್ಲಿ ಜೈಲು ಸೇವೆ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಕ್ರಿಸ್ಮಸ್ ಕೇಕು. ಡಿಸೆಂಬರ್ ಬಂತು ಅಂದ್ರೆ ಯುವಜನರು ಗಿಟಾರ್ ಹಿಡ್ಕೊಂಡು ರೆಡಿ, ಸಿಸ್ಟರ್‌ಗಳು ಸೋಪು ಟವೆಲ್ ಕಲೆಕ್ಟ್ ಮಾಡ್ತಾರೆ, ಫಾದರ್ ಪರ್ಮಿಷನ್‌ಗೆ ಲೆಟರ್ ಕೊಡ್ತಾರೆ, ಎಲ್ರೂ ಹೋಗಿ ನಾಲ್ಕು ಹಾಡು ಹಾಡಿ ಪೂಜೆ ಮುಗಿಸ್ಕೊಂಡು ಬರ್ತೀವಿ. ಅದು ಬೇಡ ಅಂತ ಅಲ್ಲ, ಒಳಗಿರೋರು ಆ ದಿನಕ್ಕೆ ಎಷ್ಟು ಕಾಯ್ತಾರೆ ಅಂತ ನಾನೇ ಕಂಡಿದೀನಿ. ಆದ್ರೆ ಇಷ್ಟು ವರ್ಷ ಓಡಾಡಿದ ಮೇಲೆ ನಂಗೆ ಗಟ್ಟಿಯಾಗಿ ಅನ್ಸೋದು, ಈ ಸೇವೆಯ ಮುಕ್ಕಾಲು ಪಾಲು ಇರೋದು ಜೈಲಿನ ಗೇಟಿನ ಹೊರಗಡೆ, ಅದಕ್ಕೆ ಜನ ಸಿಗ್ತಿಲ್ಲ.

2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನ ಇದ್ರು, ಅದ್ರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ಅಂದ್ರೆ ತಪ್ಪು ಮಾಡಿದಾರೋ ಇಲ್ವೋ ಅಂತ ಕೋರ್ಟು ಇನ್ನೂ ಹೇಳಿಲ್ಲ. ಇವರಲ್ಲಿ ಬೇಲ್ ಸಿಕ್ಕಿದ್ರೂ ಒಳಗೇ ಉಳಿದಿರೋರೂ ಇದಾರೆ, ಯಾಕಂದ್ರೆ ಶ್ಯೂರಿಟಿ ಕೊಡೋಕೆ, ಅಂದ್ರೆ ಇವರು ಕೋರ್ಟಿಗೆ ಹಾಜರಾಗ್ತಾರೆ ಅಂತ ಜವಾಬ್ದಾರಿ ಹೊರೋಕೆ, ಯಾರೂ ಇಲ್ಲ. ನಮ್ಮ ಏರಿಯಾದ ಒಬ್ಬ ತಾಯಿ ಪ್ಲಾಸ್ಟಿಕ್ ಕವರಲ್ಲಿ ಬೇಲ್ ಆರ್ಡರ್ ಮಡಚಿಟ್ಕೊಂಡು ಭಾನುವಾರ ಎರಡನೇ ಪೂಜೆ ಆದ್ಮೇಲೆ ಚರ್ಚಿನ ಗ್ರೋಟೋ (ಮಾತೆ ಮರಿಯಮ್ಮನ ಗವಿ) ಹತ್ರ ನಿಂತಿದ್ರು. ಮನೆಕೆಲಸ ಮಾಡೋರು, ಬಾಡಿಗೆ ಮನೆ, ಊರಲ್ಲಿ ಜಮೀನಿಲ್ಲ. ಶ್ಯೂರಿಟಿ ಹಾಕೋರು ಪಹಣಿ ತರ್ಬೇಕು, ಇಲ್ಲಾಂದ್ರೆ ಸೈಟಿನ ಪೇಪರ್ರು, ಟ್ಯಾಕ್ಸ್ ಕಟ್ಟಿದ ರಸೀದಿ, ಆಧಾರ್, ಆಮೇಲೆ ಕೋರ್ಟಿಗೆ ಬಂದು ಜಡ್ಜ್ ಮುಂದೆ ನಿಲ್ಬೇಕು. "ಯಾರ್ನ ಕೇಳ್ಲಪ್ಪಾ, ಮಗ ಜೈಲಲ್ಲಿದಾನೆ ಅಂದ್ರೆ ಮಾತಾಡ್ಸೋದೇ ಬಿಡ್ತಾರೆ" ಅಂದ್ರು. ಆ ಕವರ್ ಅವ್ರ ಕೈ ಬೆವರಿಗೆ ಅಂಟ್ಕೊಂಡಿತ್ತು. ಒಳಗೆ ಪೂಜೆಯಲ್ಲಿ ಕೂತಿದ್ದೋರಲ್ಲಿ ಸೈಟು ಮನೆ ಇರೋರು ಎಷ್ಟು ಜನ! ಅವ್ರಲ್ಲಿ ಕೊನೆಗೆ ಒಬ್ಬ ರಿಟೈರ್ಡ್ ಮೇಷ್ಟ್ರು ಮುಂದೆ ಬಂದು ಸಹಿ ಹಾಕಿದ್ರು.

ಹುಡುಗ ಹಾಜರಾಗದೆ ತಪ್ಪಿಸ್ಕೊಂಡ್ರೆ ಬಾಂಡಿನ ದುಡ್ಡು ಶ್ಯೂರಿಟಿ ಹಾಕಿದವ್ರ ತಲೆ ಮೇಲೆ ಬರುತ್ತೆ, ಅದು ನಿಜ, ಭಯ ಪಡೋರನ್ನ ನಾನು ಬೈಯಲ್ಲ. ಆದ್ರೆ ಬೇರೆ ದಾರಿಗಳೂ ಇದಾವೆ, ಅದು ಗೊತ್ತಿರೋರು ಕಮ್ಮಿ. ಬಡ ಕೈದಿಗಳಿಗೆ ಅಂತ ಕೇಂದ್ರ ಸರ್ಕಾರದ್ದು 2023ರಿಂದ ಒಂದು ಯೋಜನೆ ಇದೆ, 2023ರ ನಿಯಮದಲ್ಲಿ ವಿಚಾರಣಾಧೀನರಿಗೆ ಬೇಲ್‌ಗೆ 40,000 ರೂಪಾಯಿವರೆಗೆ, ದಂಡ ಕಟ್ಟೋಕಾಗದೆ ಕೂತಿರೋ ಸಜಾ ಕೈದಿಗಳಿಗೆ 25,000ವರೆಗೆ ಇತ್ತು. ಹೊಸ ಕಾನೂನು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಸೆಕ್ಷನ್ ಪ್ರಕಾರ ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗಿರದೋರು ಆ ಅಪರಾಧದ ಗರಿಷ್ಠ ಶಿಕ್ಷೆಯಲ್ಲಿ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ ಬಿಡುಗಡೆಗೆ ಅರ್ಹರು, ಮರಣದಂಡನೆ ಜೀವಾವಧಿ ಇರೋ ಕೇಸು, ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇರೋರು ಬಿಟ್ಟು. ಇದನ್ನ ಬಡವರಿಗೆ ಉಚಿತ ಕಾನೂನು ನೆರವು ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳೋಕೆ ಯಾರಾದ್ರೂ ಜೊತೆಗೆ ಹೋಗ್ಬೇಕಷ್ಟೆ. ನನ್ನ ಲೆಕ್ಕದಲ್ಲಿ ಅದೂ ಜಪಸರ ಹೇಳಿದಷ್ಟೇ ಪವಿತ್ರ ಕೆಲಸ.

ಕೈದಿಗಳ ಸೇವೆ ಮಾಡೋ ಕ್ಯಾಥೊಲಿಕ್ ಸಂಸ್ಥೆ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ 1981ರಲ್ಲಿ ಕೇರಳದಲ್ಲಿ ಶುರುವಾಗಿದ್ದು, ಈಗ ಅದರ ರಾಷ್ಟ್ರೀಯ ಕಚೇರಿ ನಮ್ಮ ಬೆಂಗಳೂರಲ್ಲೇ ಇದೆ. ಅವರ ಪಾಲಕ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ. ನಾಜಿಗಳ ಆಶ್ವಿಟ್ಸ್ ಕ್ಯಾಂಪಲ್ಲಿ ಸಾವಿಗೆ ಆರಿಸಿದ ಒಬ್ಬ ಕೈದಿ ಹೆಂಡ್ತಿ ಮಕ್ಕಳನ್ನ ನೆನೆದು ಅತ್ತಾಗ, ಅವನ ಬದಲು ನಾನು ಹೋಗ್ತೀನಿ ಅಂತ ಮುಂದೆ ಬಂದ ಗುರುಗಳು, 1941 ಆಗಸ್ಟ್ 14ಕ್ಕೆ ಪ್ರಾಣ ಕೊಟ್ರು. ಆ ಕೈದಿ 1995ರವರೆಗೆ ಬದುಕಿದ್ದ. ಅಷ್ಟು ದೊಡ್ಡ ತ್ಯಾಗ ನಮ್ಮನ್ನ ಯಾರೂ ಕೇಳ್ತಿಲ್ಲ, ಒಂದು ಪಹಣಿ, ಒಂದು ಸಹಿ ಕೇಳ್ತಿದಾರೆ.

"ಕೊಲೆ ಮಾಡಿದವನಿಗೂ ಸಹಾಯ ಮಾಡ್ತೀರಾ" ಅಂತ ಕೆಲವರು ಕೇಳ್ತಾರೆ. ಕೇಳಬೇಕಾದ ಪ್ರಶ್ನೆನೇ, ಸತ್ತವರ ಮನೆ ಕಡೆ ನೋಡದೆ ಈ ಸೇವೆ ಮಾಡಬಾರದು. ನಂಗೆ ಇಲ್ಲಿ ಸಿಸ್ಟರ್ ರಾಣಿ ಮರಿಯಾ ನೆನಪಾಗ್ತಾರೆ. ಕೇರಳದ ಪುಲ್ಲುವಳಿಯವರು, ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿಗಳನ್ನ ಬಡ್ಡಿ ಸಾಲದಿಂದ ಬಿಡಿಸೋಕೆ ದುಡೀತಿದ್ರು, ಅದನ್ನ ಸಹಿಸದೋರು ಸಮಂದರ್ ಸಿಂಗ್‌ನ ಕಳಿಸಿ 1995 ಫೆಬ್ರವರಿ 25ಕ್ಕೆ ಬಸ್ಸಲ್ಲೇ ಹಿಡಿದು ಚುಚ್ಚಿ ಚುಚ್ಚಿ ಕೊಲ್ಲಿಸಿದ್ರು. ಅವನಿಗೆ ಜೀವಾವಧಿ ಆಯ್ತು. 2002ರಲ್ಲಿ ಆಕೆಯ ಒಡಹುಟ್ಟಿದ ತಂಗಿ ಸಿಸ್ಟರ್ ಸೆಲ್ಮಿ ಇಂದೋರ್ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದ್ರು. ಅಷ್ಟಕ್ಕೇ ಬಿಡ್ಲಿಲ್ಲ ನೋಡಿ, ಬಿಡುಗಡೆಗೆ ಆ ಮನೆಯವರೇ ಸಹಿ ಹಾಕಿದ್ರು, 2006ರಲ್ಲಿ ಹೊರಗೆ ಬಂದ, ಆಮೇಲೆ ಕೇರಳಕ್ಕೆ ಹೋಗಿ ಆಕೆಯ ಅಪ್ಪ ಅಮ್ಮನ ಮುಂದೆ ಕ್ಷಮೆ ಕೇಳ್ದ, ಅವರು ಅವನ್ನ ಮಗನ ಹಾಗೆ ಬರಮಾಡ್ಕೊಂಡ್ರು. ರಾಖಿ ಕಟ್ಟಿದ್ದು ಎಲ್ರೂ ಹೇಳ್ತಾರೆ, ನಂಗೆ ಆ ಸಹಿ ಮತ್ತೆ ಆ ಮನೆ ಬಾಗಿಲು ಇನ್ನೂ ದೊಡ್ಡದು ಅನ್ಸುತ್ತೆ.

ಇನ್ನೊಂದು ಮಾತು. ಮತಾಂತರಕ್ಕೆ ಹೋಗ್ತೀರಾ ಅನ್ನೋರಿಗೆ, ಇಲ್ಲ. ನಾವು ಕೂತು ಮಾತಾಡಿಸೋರಲ್ಲಿ ಎಲ್ಲಾ ಧರ್ಮದವರೂ ಇರ್ತಾರೆ, ಅವರು ಕೇಳೋದು ಒಂದೇ, ಅಮ್ಮ ಹೆಂಗಿದಾಳೆ, ಮಗು ಸ್ಕೂಲಿಗೆ ಹೋಗ್ತಿದೆಯಾ, ಮನೆಯವರಿಗೆ ಒಂದು ಫೋನ್ ಮಾಡಿ ಹೇಳ್ತೀರಾ.

ಅಂದ ಹಾಗೆ ಮಕ್ಕಳ ವಿಷಯ. ಅಪ್ಪ ಒಳಗಿದ್ರೆ ಧರ್ಮೋಪದೇಶ ಕ್ಲಾಸಲ್ಲಿ ಆ ಮಗು ಪಕ್ಕ ಯಾರೂ ಕೂರಲ್ಲ, ಪ್ರಥಮ ಪರಮಪ್ರಸಾದಕ್ಕೆ ಬಿಳಿ ಬಟ್ಟೆ ಹೊಲಿಸೋಕೆ ದುಡ್ಡಿಲ್ಲ ಅಂತ ಹೆಸರು ಕೊಡಲ್ಲ. ಜೈಲಿಗೆ ಕೇಕ್ ತಗೊಂಡ್ ಹೋಗೋ ನಾವು ಇಲ್ಲಿ ಇದನ್ನ ನೋಡ್ದೇ ಇರೋದು ಸರಿಯಲ್ಲ.

ಆಗಸ್ಟ್ ತಿಂಗಳ ಎರಡನೇ ಭಾನುವಾರ ಪ್ರಿಸನ್ ಮಿನಿಸ್ಟ್ರಿ ಭಾನುವಾರ. ಈ ಸಲ ಕಾಣಿಕೆ ಡಬ್ಬಿ ಜೊತೆಗೆ ಒಂದು ಬುಕ್ ಇಡ್ತೀವಿ, ಮೂರು ತರ ಹೆಸರು ಬೇಕು: ಶ್ಯೂರಿಟಿ ಹಾಕೋಕೆ ಒಪ್ಪೋರು, ಕೋರ್ಟಿಗೂ ಕಾನೂನು ಸೇವಾ ಆಫೀಸಿಗೂ ಮನೆಯವರ ಜೊತೆ ಬರೋರು, ಆಮೇಲೆ ಆಟೋ ಇರೋರು. ಬಿಡುಗಡೆ ಆಗೋದು ಸಾಮಾನ್ಯವಾಗಿ ಸಂಜೆ ಮೇಲೆ, ಎಷ್ಟೋ ಜನಕ್ಕೆ ಮನೆಗೆ ಹೋಗೋಕೆ ಬಸ್ ಚಾರ್ಜೂ ಇರಲ್ಲ. ಹೆಸರು ಕೊಡೋರು ಪೂಜೆ ಆದ್ಮೇಲೆ ಗ್ರೋಟೋ ಪಕ್ಕ ಬನ್ನಿ, ನಾನು ಅಲ್ಲೇ ಇರ್ತೀನಿ.