ರಾಗಿ ಒಕ್ಕಣೆಯ ದಿನಗಳಲ್ಲಿ ಬೈಕ್ ಸವಾರಿ

ಬೆಂಗಳೂರಿನಲ್ಲಿ ಬೈಕ್ ಓಡಿಸುವ ಹವ್ಯಾಸವಿರುವವರನ್ನು ಸವಾರಿಗೆ ಒಳ್ಳೆಯ ಕಾಲ ಯಾವುದೆಂದು ಕೇಳಿದರೆ ಹೆಚ್ಚಿನವರು ಡಿಸೆಂಬರ್ ಕೊನೆ ಇಲ್ಲವೇ ಜನವರಿ ಎನ್ನುತ್ತಾರೆ. ನನ್ನ ಆಯ್ಕೆ ಅದಕ್ಕಿಂತ ತುಸು ಮುಂಚಿನದು. ದೀಪಾವಳಿ ಕಳೆದು, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆದು, ಮಾರ್ಗಶಿರ ಹಿಡಿಯುವ ಆ ಕೆಲವು ವಾರಗಳಲ್ಲಿ ನಗರದ ಸುತ್ತಲಿನ ಹಳ್ಳಿಗಾಡು ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ರಸ್ತೆಯ ಗುಂಡಿಗಳ ಮಾತು ಬೇರೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆರೆಗಳಲ್ಲಿ ನೀರು ನಿಂತಿರುತ್ತದೆ, ಮಣ್ಣಿನಲ್ಲಿ ಇನ್ನೂ ಪಸೆಯಿರುವುದರಿಂದ ಧೂಳು ಏಳುವುದಿಲ್ಲ, ರಾಗಿಯ ತೆನೆ ಕಂದುಬಣ್ಣಕ್ಕೆ ತಿರುಗುತ್ತಿರುವಾಗಲೇ ನಡುವಿನ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳಿನ ಹಳದಿ ಹೂವು ಅಲ್ಲಲ್ಲಿ ಉಳಿದಿರುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮಾತ್ರ ಎರಡು ಮೂರು ದಿನ ಜಿಟಿಜಿಟಿ ಮಳೆ ಹಿಡಿಯುವುದುಂಟು. ಆದ್ದರಿಂದ ಡಿಸೆಂಬರ್ ನಡುವಿನವರೆಗೂ ರೇನ್‌ಕೋಟನ್ನು ಬ್ಯಾಗಿನಿಂದ ಹೊರತೆಗೆದಿಡುವಂತಿಲ್ಲ.

ಈ ದಿನಗಳಲ್ಲಿ ನಾನು ಎರಡು ಬಗೆಯ ಸವಾರಿಗೆ ಹೋಗುತ್ತೇನೆ. ಒಬ್ಬನೇ ಹೋಗುವುದು ಒಂದು, ಯಾವುದಾದರೂ ಸತ್ಕಾರ್ಯಕ್ಕೆ ಹಣ ಕೂಡಿಸುವ ಗುಂಪಿನೊಡನೆ ಹೋಗುವುದು ಇನ್ನೊಂದು. ಎರಡೂ ನಡೆಯುವುದು ಬಹುಪಾಲು ಅದೇ ರಸ್ತೆಗಳಲ್ಲಿ. ಆದರೆ ಒಂಟಿಯಾಗಿರುವಾಗ ರಸ್ತೆಯ ನಡೆಗೆ ಹೊಂದಿಕೊಳ್ಳುವ ಸವಾರರೇ ನಲವತ್ತು ಮಂದಿ ಸೇರಿದ ಮೇಲೆ ರಸ್ತೆ ತಮಗೆ ದಾರಿ ಬಿಡಬೇಕೆಂದು ಬಯಸತೊಡಗುತ್ತಾರೆ ಎಂಬುದು ನನ್ನ ಬಹುಕಾಲದ ತಕರಾರು.

ನನ್ನ ಗಾಡಿ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದದ್ದು. ಆ ಕಾರ್ಖಾನೆ 1961ರಿಂದ 1996ರವರೆಗೆ ಬೈಕುಗಳನ್ನು ತಯಾರಿಸಿತು, ಮತ್ತು ಅದು ನಿಂತು ಇಷ್ಟು ಕಾಲವಾದರೂ ಈ ಗಾಡಿಗಳ ಮರ್ಮ ತಿಳಿದ ಹಳೆಯ ಮೆಕ್ಯಾನಿಕ್‌ಗಳು ಬೆಂಗಳೂರಿನಲ್ಲಿ ಇನ್ನೂ ಸಿಗುತ್ತಾರೆ. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಒಂದೇ ಲಿವರ್ ಕಿಕ್ಕರೂ ಹೌದು, ಗೇರೂ ಹೌದು. ಚಳಿಯ ಬೆಳಿಗ್ಗೆ ಮೂರು ನಾಲ್ಕು ಕಿಕ್ ಹೊಡೆಸಿಕೊಳ್ಳದೆ ಅದು ಏಳುವುದಿಲ್ಲ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಅದೂ ಸುಖವಾಗಿರುತ್ತದೆ, ನಾನೂ ಸುಖವಾಗಿರುತ್ತೇನೆ. ಹೆದ್ದಾರಿಗೆ ಈ ವೇಗ ಸಾಲದು, ಹಳ್ಳಿ ರಸ್ತೆಗೆ ಕೆಲವೊಮ್ಮೆ ಇದೇ ಹೆಚ್ಚು.

ಭಾನುವಾರದ ಬೆಳಿಗ್ಗೆ ನಂದಿಬೆಟ್ಟದ ಕಡೆಗೆ ನಾನು ತಲೆ ಹಾಕುವುದಿಲ್ಲ. ಸೂರ್ಯೋದಯ ನೋಡಲೆಂದು ಬಂದು ಹಿಂದಿನ ಕಾರಿನ ಹೆಡ್‌ಲೈಟನ್ನೇ ನೋಡುತ್ತಾ ನಿಲ್ಲುವುದು ನನಗೆ ಸೇರದು. ಬದಲಿಗೆ ಮಾಗಡಿ ರಸ್ತೆ ಹಿಡಿದು, ತಾವರೆಕೆರೆಯ ಬಳಿ ಮುಖ್ಯರಸ್ತೆ ಬಿಟ್ಟು, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಮಂಚನಬೆಲೆ ಜಲಾಶಯದತ್ತ ಇಳಿದು, ಅಲ್ಲಿಂದ ಸಾವನದುರ್ಗದ ಹೆಬ್ಬಂಡೆಯ ಬುಡ ಬಳಸಿ ಮಾಗಡಿ ಸೇರುತ್ತೇನೆ. ಇಲ್ಲವಾದರೆ ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಪಕ್ಕದಿಂದ ಘಾಟಿ ಸುಬ್ರಹ್ಮಣ್ಯದವರೆಗೆ ಹೋಗಿ ಬರುತ್ತೇನೆ. ಎರಡೂ ದಾರಿಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು, ಮನೆಯವರ ಆಕ್ಷೇಪವೂ ಕಡಿಮೆ.

ಚಳಿಯ ವಿಷಯದಲ್ಲಿ ನಮ್ಮವರು ತುಂಬಾ ಉದಾಸೀನರು. ಬೆಂಗಳೂರಿನಲ್ಲಿ ನವೆಂಬರ್ ಕೊನೆಯ ಬೆಳಗಿನ ತಾಪಮಾನ ಹದಿನಾರು ಹದಿನೇಳು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಿಂತವನಿಗೆ ಅದು ಹಿತವಾದ ತಂಪು, ಬೈಕ್ ಮೇಲೆ ಕುಳಿತು ಮುಂಜಾನೆ ಒಂದು ಗಂಟೆ ಗಾಳಿಗೆ ಎದೆಯೊಡ್ಡಿದವನಿಗೆ ಬೆರಳು ಜೋಮು ಹಿಡಿಸುವ ಚಳಿ. ಬೆರಳು ಜೋಮು ಹಿಡಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ, ಮತ್ತು ಅರವತ್ತರ ವೇಗದಲ್ಲಿ ಒಂದು ಸೆಕೆಂಡಿನ ತಡವೆಂದರೆ ಸುಮಾರು ಹದಿನೇಳು ಮೀಟರ್ ದೂರ. ಆದ್ದರಿಂದ ಜಾಕೆಟ್‌ಗಿಂತ ಮೊದಲು ಗ್ಲೌಸ್ ಕೊಳ್ಳಿ ಎಂದು ಹೊಸಬರಿಗೆ ಹೇಳುತ್ತೇನೆ. ರಾತ್ರಿ ತಣಿದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಕೆರೆಯ ಏರಿಯ ಹಿಂದಿನ ಗದ್ದೆಬಯಲಿಗೆ ರಸ್ತೆ ಇಳಿಯುತ್ತಿದ್ದಂತೆ ಚಳಿ ಒಮ್ಮೆಲೇ ಏರುತ್ತದೆ, ಮಂಜು ಸಹ ಅಲ್ಲಿಯೇ ಕವಿದಿರುತ್ತದೆ. ಹೆಲ್ಮೆಟ್ಟಿನ ವೈಸರ್ ಒಳಗಿನಿಂದ ಮಬ್ಬಾಗುವುದೂ ಅಲ್ಲಿಯೇ. ಅದನ್ನು ಒಂದು ಬೆರಳಿನಷ್ಟು ಎತ್ತಿ ಗಾಳಿ ಆಡಲು ಬಿಟ್ಟರೆ ಸಾಕು. ಟೈರಿನ ಗಾಳಿಯನ್ನೂ ಇನ್ನೊಮ್ಮೆ ನೋಡಿಸಬೇಕು. ತಾಪಮಾನ ಐದಾರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ಒತ್ತಡ ಕಡಿಮೆಯಾಗುತ್ತದೆ. ಬಿಸಿಲಿನಲ್ಲಿ ಓಡಿ ಕಾದ ಟೈರಿಗೆ ಹಾಕಿಸಿದ ಲೆಕ್ಕ ಮರುದಿನದ ಮುಂಜಾನೆಗೆ ಹೊಂದುವುದಿಲ್ಲ.

ಇವೆಲ್ಲ ಬೇರೆ ಚಳಿಗಾಲದ ಊರುಗಳಿಗೂ ಸಲ್ಲುವ ಮಾತು. ನಮ್ಮ ಹಳೇ ಮೈಸೂರು ಸೀಮೆಯ ರಸ್ತೆಗಳಲ್ಲಿ ಈ ಕಾಲಕ್ಕೆ ವಿಶೇಷವಾಗಿ ಎದುರಾಗುವುದು ಒಕ್ಕಣೆ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಯುವುದಕ್ಕೆ ಎತ್ತುಗಳೂ ಆಳುಗಳೂ ಇಲ್ಲದ ಮನೆಗಳು ಕೊಯ್ದ ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತವೆ. ಬಸ್ಸು, ಲಾರಿ, ಟ್ರಾಕ್ಟರುಗಳು ಅದರ ಮೇಲೆ ಹಾದುಹೋದಂತೆ ಕಾಳು ಉದುರುತ್ತದೆ, ಹುಲ್ಲು ನುರಿಯುತ್ತದೆ, ಸಂಜೆಗೆ ಅಲ್ಲಿಯೇ ಗಾಳಿಗೆ ತೂರಿ ಚೀಲ ತುಂಬುತ್ತಾರೆ. ಮುಂದೆ ಹುರುಳಿಯದೂ ಇದೇ ಕಥೆ. ರಸ್ತೆಯಲ್ಲಿ ಒಕ್ಕಬೇಡಿ ಎಂದು ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ, ಎಲ್ಲ ಹಳ್ಳಿಗೂ ಒಕ್ಕಣೆ ಯಂತ್ರವೋ ಸಿಮೆಂಟಿನ ಕಣವೋ ಸುಲಭವಾಗಿ ಸಿಗುವವರೆಗೆ ಅದು ನಿಲ್ಲುವ ಲಕ್ಷಣ ನನಗಂತೂ ಕಾಣುವುದಿಲ್ಲ.

ನಾಲ್ಕು ಚಕ್ರದವರಿಗೆ ಇದು ಸದ್ದು ಮಾಡುವ ಹಾಸಿಗೆ ಮಾತ್ರ. ಎರಡು ಚಕ್ರದವರಿಗೆ ಅಪಾಯ. ಒಣಹುಲ್ಲಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ, ಹುಲ್ಲಿನಡಿ ಉದುರಿರುವ ಉರುಟು ಕಾಳು ಕಾಲಡಿ ಗೋಲಿ ಸುರಿದಂತೆ ಚಕ್ರವನ್ನು ಹೊರಳಿಸುತ್ತದೆ. ಹುಲ್ಲು ಕಂಡ ಕೂಡಲೇ, ಅದರ ಮೇಲೆ ಹತ್ತುವ ಮೊದಲೇ, ವೇಗವನ್ನು ಪೂರ್ತಿ ಇಳಿಸಿಕೊಳ್ಳಬೇಕು. ಹತ್ತಿದ ಮೇಲೆ ಮುಂದಿನ ಬ್ರೇಕ್ ಮುಟ್ಟದೆ, ಗಾಡಿಯನ್ನು ಯಾವ ಕಡೆಗೂ ವಾಲಿಸದೆ, ಕಡಿಮೆ ಗೇರಿನಲ್ಲಿ ನೇರವಾಗಿ ದಾಟಬೇಕು. ತಿರುವಿನಲ್ಲಿ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ದಾಟಿದ ಮೇಲೆ ಚೈನಿಗೆ ಸುತ್ತಿಕೊಂಡ ಹುಲ್ಲನ್ನು, ಅದಕ್ಕಿಂತ ಮುಖ್ಯವಾಗಿ ಕಾದ ಸೈಲೆನ್ಸರಿಗೆ ತಗುಲಿಕೊಂಡ ಹುಲ್ಲನ್ನು ತೆಗೆದುಹಾಕಬೇಕು, ಏಕೆಂದರೆ ಅದಕ್ಕೆ ಬೆಂಕಿ ಹತ್ತುವ ಸಾಧ್ಯತೆ ನಿಜವಾಗಿಯೂ ಇದೆ. ಇವೆಲ್ಲಕ್ಕಿಂತ ಕೆಟ್ಟದ್ದು ಹುಲ್ಲಿನ ಅಂಚಿಗೆ ಇಡುವ ಕಲ್ಲುಗಳು. ಹಗಲಿನಲ್ಲಿ ಅವು ರಾಶಿಯ ಕಾವಲು, ಮುಸ್ಸಂಜೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಒಬ್ಬನೇ ಇರುವಾಗ ಇದೆಲ್ಲ ತಾನಾಗಿ ನಡೆಯುತ್ತದೆ. ನಾನು ನಿಧಾನಿಸುತ್ತೇನೆ, ಹುಲ್ಲು ತಿರುವಿ ಹಾಕುತ್ತಿರುವ ಅಜ್ಜಿ ತಲೆಯೆತ್ತಿ, "ಅಂಚಿಗೆ ಬಾರಪ್ಪ, ಜಾರ್ತದೆ" ಎಂದು ಕೈಮಾಡಿ ತೋರಿಸುತ್ತಾರೆ, ಕೆಲವೊಮ್ಮೆ ಕೋಲಿನಿಂದ ಹುಲ್ಲನ್ನು ಅತ್ತ ಸರಿಸಿ ಒಂದು ಮೊಳದಷ್ಟು ದಾರಿ ಬಿಡುತ್ತಾರೆ. ಈ ಸಲ ಎಕರೆಗೆ ಎಷ್ಟು ಚೀಲವಾಯಿತು, ತೆನೆ ಬಲಿಯುವಾಗ ಹಿಡಿದ ಮಳೆಯಿಂದ ಎಷ್ಟು ಕಪ್ಪಾಯಿತು ಎಂಬ ಮಾತಾಗುತ್ತದೆ. ಕನಕಪುರ, ಸಾತನೂರಿನ ಕಡೆಯಾದರೆ ಆನೆಯ ಮಾತೂ ಬರುತ್ತದೆ. ರಾಗಿ ಬಲಿತ ಹೊತ್ತಿಗೆ ಕಾವೇರಿ ವನ್ಯಧಾಮದ ಮತ್ತು ಬನ್ನೇರುಘಟ್ಟದ ಕಾಡಂಚಿನ ಹೊಲಗಳಿಗೆ ಅವು ಇಳಿಯುವುದರಿಂದ ಆ ದಾರಿಗಳಲ್ಲಿ ಹೊತ್ತು ಮುಳುಗುವ ಮೊದಲೇ ಹಿಂತಿರುಗುವುದು ಕ್ಷೇಮ.

ಇನ್ನು ಗುಂಪಿನ ಸವಾರಿ. ಸತ್ಕಾರ್ಯಕ್ಕಾಗಿ ಬೈಕ್ ಓಡಿಸುವ ಪದ್ಧತಿ ಜಗತ್ತಿನ ನಾನಾ ಕಡೆ ಇದೆ. ನಮ್ಮಲ್ಲೂ ಪರಿಚಿತವಾದ ಡಿಸ್ಟಿಂಗ್ವಿಶ್ಡ್ ಜೆಂಟಲ್‌ಮನ್ಸ್ ರೈಡ್ 2012ರಲ್ಲಿ ಸಿಡ್ನಿಯಲ್ಲಿ ಹುಟ್ಟಿತು. ಸೂಟು ಟೈ ತೊಟ್ಟು ಹಳೆಯ ಮಾದರಿಯ ಬೈಕುಗಳಲ್ಲಿ ಊರೊಳಗೆ ಮೆಲ್ಲಗೆ ಸಾಗಿ, ಪ್ರಾಸ್ಟೇಟ್ ಕ್ಯಾನ್ಸರಿನ ಸಂಶೋಧನೆಗೂ ಗಂಡಸರ ಮಾನಸಿಕ ಆರೋಗ್ಯಕ್ಕೂ ಹಣ ಕೂಡಿಸುವುದು ಅದರ ಕ್ರಮ. ಮೊದಲು ಸೆಪ್ಟೆಂಬರಿನಲ್ಲಿದ್ದದ್ದು 2021ರಿಂದ ಮೇ ತಿಂಗಳಿಗೆ ಹೋಯಿತು. ಬೆಂಗಳೂರಿನ ಮೇ ತಿಂಗಳಲ್ಲಿ ಕೋಟು ತೊಟ್ಟು ಸಿಗ್ನಲ್‌ಗಳಲ್ಲಿ ನಿಲ್ಲುವ ಕಷ್ಟ ಸಿಡ್ನಿಯವರಿಗೆ ತಿಳಿಯಲಾರದು, ಅವರಿಗೆ ಅದು ಶರತ್ಕಾಲ. ನಮ್ಮ ಸ್ಥಳೀಯ ಗುಂಪುಗಳು ಮಾತ್ರ ನವೆಂಬರ್, ಡಿಸೆಂಬರನ್ನೇ ಆರಿಸಿಕೊಳ್ಳುತ್ತವೆ: ಒಂದು ಶಾಲೆಗೆ ಸಾಮಾನು, ಒಂದು ಆಶ್ರಮಕ್ಕೆ ಕಂಬಳಿ, ಇಲ್ಲವೇ ಒಂದು ರಕ್ತದಾನ ಶಿಬಿರ.

ಇಂಥ ಸವಾರಿಗಳಲ್ಲಿ ನನಗೆ ಯಾವಾಗಲೂ ಕೊನೆಯ ಜಾಗ. ಟೂ ಸ್ಟ್ರೋಕಿನ ಹೊಗೆಯನ್ನು ಹಿಂದಿನವರಿಗೆ ಕುಡಿಸುವಂತಿಲ್ಲ ಎಂಬುದು ಒಂದು ಕಾರಣ. ಹಳೆಯ ಗಾಡಿಯವನ ಬಳಿ ಸ್ಪಾನರ್, ಪ್ಲಗ್, ಕ್ಲಚ್ ಕೇಬಲ್ ಇದ್ದೇ ಇರುತ್ತವಾದ್ದರಿಂದ ಹಿಂದುಳಿದವರನ್ನು ನೋಡಿಕೊಳ್ಳುವ ಕೆಲಸ ಅವನಿಗೇ ಒಪ್ಪುತ್ತದೆ ಎಂಬುದು ಇನ್ನೊಂದು. ಮುಂದಿರುವವನಿಗೆ ಗುಂಪು ಕಾಣುವುದಿಲ್ಲ, ಹಿಂದಿರುವವನಿಗೆ ಅದರ ಉದ್ದ ಚೆನ್ನಾಗಿ ಕಾಣುತ್ತದೆ. ನಲವತ್ತು ಬೈಕುಗಳು ಎಡಬಲ ಬಿಟ್ಟು ಓರೆಸಾಲಿನಲ್ಲಿ, ಓರೆಯಲ್ಲಿರುವ ಮುಂದಿನವನಿಂದ ಒಂದು ಸೆಕೆಂಡ್, ತನ್ನದೇ ಸಾಲಿನವನಿಂದ ಎರಡು ಸೆಕೆಂಡ್ ಅಂತರವಿಟ್ಟು, ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಹೋದರೆ ಸಾಲಿನ ಉದ್ದ ಅರ್ಧ ಕಿಲೋಮೀಟರ್ ಮೀರುತ್ತದೆ. ಅದನ್ನು ಹಾಲಿನ ವ್ಯಾನು ಹಿಂದೆ ಹಾಕಲಾರದು, ಎಮ್ಮೆ ಹೊಡೆದುಕೊಂಡು ಹೊರಟವರು ಅದು ಮುಗಿಯುವವರೆಗೆ ರಸ್ತೆ ದಾಟಲಾರರು. ಸಾಲು ತುಂಡಾದರೆ ಹಿಂದಿನವರು ಸೇರಿಕೊಳ್ಳಲು ವೇಗ ಹೆಚ್ಚಿಸುತ್ತಾರೆ, ಬೀಳುವವರು ಸಾಮಾನ್ಯವಾಗಿ ಅವರೇ.

ಕನಕಪುರದ ಕಡೆಗಿನ ಒಂದು ಸವಾರಿಯಲ್ಲಿ ಹಾಗೆಯೇ ಆಯಿತು. ರಾಗಿ ಹರಡಿದ ಜಾಗದಲ್ಲಿ ಮುಂದಿನವರು ಹಾರ್ನ್ ಹೊಡೆಯುತ್ತಾ ದಾಟಿದರು. ಸಾಲು ಸೇರುವ ಆತುರದಲ್ಲಿದ್ದ ಹುಡುಗನೊಬ್ಬ ಹುಲ್ಲಿನ ಮೇಲೆ ಬ್ರೇಕ್ ಹಿಡಿದು ಗಾಡಿಸಮೇತ ಜಾರಿದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಸಂಘಟಕರೊಬ್ಬರು ಹಿಂದಕ್ಕೆ ಬಂದು ರಸ್ತೆ ನಿಮ್ಮಪ್ಪನದೇ ಎಂದು ರೈತನ ಮೇಲೆ ಹರಿಹಾಯ್ದರು, ಆತನ ಹೆಂಡತಿ ಹುಡುಗನ ಕೈ ತೊಳೆಯಲು ನೀರು ತಂದುಕೊಡುತ್ತಿದ್ದ ಹೊತ್ತಿನಲ್ಲಿಯೇ. ನಾವು ಹೊರಟಿದ್ದದ್ದು ಅದೇ ಹಳ್ಳಿಯ ಶಾಲೆಗೆ. ಆ ಮನೆಯ ಮಕ್ಕಳು ಅಲ್ಲಿಯೇ ಓದುತ್ತಿದ್ದಿರಬೇಕು.

ಶಾಲೆಯಲ್ಲಿ ನೋಟ್‌ಬುಕ್ ಹಂಚಿದೆವು. ಶಾಲೆಗಳು ತೆರೆಯುವುದು ಜೂನ್ ಸುಮಾರಿಗೆ. ನವೆಂಬರ್ ಹೊತ್ತಿಗೆ ಮಕ್ಕಳ ಬಳಿ ಪುಸ್ತಕಗಳಿರುತ್ತವೆ. ಮೇಷ್ಟ್ರು ಸೌಜನ್ಯದಿಂದ ಎಲ್ಲವನ್ನೂ ಪಡೆದು, ಫೋಟೋಗೆ ನಿಂತು, ನಾವು ಹೊರಡುವಾಗ ಕುಡಿಯುವ ನೀರಿನ ಫಿಲ್ಟರ್ ಕೆಟ್ಟಿರುವುದನ್ನು ನನ್ನೊಬ್ಬನಿಗೆ ಮೆಲ್ಲಗೆ ಹೇಳಿದರು. ಮೊದಲೇ ಫೋನಿನಲ್ಲಿ ಕೇಳಿದ್ದರೆ ಅದನ್ನೇ ಸರಿಮಾಡಿಸಬಹುದಿತ್ತು. ಲೆಕ್ಕವನ್ನೂ ನೋಡೋಣ: ಹೋಗಿಬರುವ ದೂರ ನೂರೈವತ್ತು ಕಿಲೋಮೀಟರ್, ಲೀಟರಿಗೆ ಮೂವತ್ತು ಕಿಲೋಮೀಟರ್ ಮೈಲೇಜ್, ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಒಬ್ಬನಿಗೆ ಐನೂರು ರೂಪಾಯಿ, ನಲವತ್ತು ಮಂದಿಗೆ ಇಪ್ಪತ್ತು ಸಾವಿರ. ದಾರಿಯ ತಟ್ಟೆ ಇಡ್ಲಿ, ಕಾಫಿ ಬೇರೆ. ನಾವು ಹಂಚಿದ ನೋಟ್‌ಬುಕ್‌ಗಳ ಬೆಲೆ ಇದಕ್ಕಿಂತ ಕಡಿಮೆಯಿತ್ತು. ಹಾಗೆಂದು ಸವಾರಿ ಬೇಡ, ಹಣವನ್ನಷ್ಟೇ ಕಳಿಸಿ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸವಾರಿಯ ನೆಪವಿಲ್ಲದಿದ್ದರೆ ಆ ನಲವತ್ತು ಮಂದಿಯಲ್ಲಿ ಮೂವತ್ತು ಮಂದಿ ಏನನ್ನೂ ಕಳಿಸುತ್ತಿರಲಿಲ್ಲ. ಪೆಟ್ರೋಲಿಗೆ ಸುರಿದಷ್ಟನ್ನಾದರೂ ಪ್ರತಿಯೊಬ್ಬನೂ ಹೊರಡುವ ಮೊದಲೇ ಕೊಡಬೇಕೆಂಬ ನಿಯಮವಿರಲಿ ಎಂಬುದಷ್ಟೇ ನನ್ನ ಬೇಡಿಕೆ.

ರಕ್ತದಾನದ ಸವಾರಿಗಳ ಬಗ್ಗೆಯೂ ಒಂದು ಮಾತು. ದಾನಿಯಿಂದ ಒಮ್ಮೆಗೆ 350 ಅಥವಾ 450 ಮಿಲಿಲೀಟರ್ ರಕ್ತ ಪಡೆಯುತ್ತಾರೆ. ಆಮೇಲೆ ತುಸು ಹೊತ್ತು ಕುಳಿತು, ನೀರು ಕುಡಿದು, ಆ ದಿನ ಆಯಾಸದ ಕೆಲಸಗಳನ್ನು ಬಿಡಬೇಕು. ಊರಾಚೆಯ ಶಿಬಿರದಲ್ಲಿ ರಕ್ತ ಕೊಟ್ಟು ಅರವತ್ತು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಮರಳುವ ಕಾರ್ಯಕ್ರಮವನ್ನು ಯಾರು ಯೋಚಿಸಿದರೋ ತಿಳಿಯದು. ಶಿಬಿರ ನಗರದೊಳಗೇ ಇದ್ದು, ಬೈಕನ್ನು ಅಲ್ಲಿಯೇ ಬಿಟ್ಟು ಮೆಟ್ರೋದಲ್ಲಿ ಮನೆಗೆ ಹೋಗುವ ಅನುಕೂಲವಿರಬೇಕು.

ಈ ವರ್ಷದ ಸವಾರಿಗೆ ನಮ್ಮ ಗೆಳೆಯರಲ್ಲಿ ಕೆಲವರು ಈ ಮಾತುಗಳನ್ನು ಒಪ್ಪಿದ್ದಾರೆ, ಎಲ್ಲರೂ ಅಲ್ಲ. ಎಂಟೆಂಟು ಮಂದಿಯ ತಂಡಗಳಾಗಿ ಹತ್ತು ಹತ್ತು ನಿಮಿಷ ಬಿಟ್ಟು ಹೊರಡುವುದು, ಸಾಲು ತುಂಡಾದರೆ ಬೆನ್ನಟ್ಟದೆ ಮುಂದಿನ ವೃತ್ತದಲ್ಲಿ ಕಾಯುವುದು, ಹುಲ್ಲು ಹರಡಿದ ಕಡೆ ಹಾರ್ನ್ ಹೊಡೆಯದಿರುವುದು ಎಂದು ತೀರ್ಮಾನವಾಗಿದೆ. ನಲವತ್ತು ಬೈಕುಗಳು ಒಟ್ಟಿಗೆ ಹೋಗುವ ಗಮ್ಮತ್ತು ಇದರಲ್ಲಿ ಇಲ್ಲವೆಂದು ಆಕ್ಷೇಪಿಸಿದವರಿಗಾಗಿ ನಗರದೊಳಗೆ, ವಾಹನಗಳಿಲ್ಲದ ಭಾನುವಾರದ ಮುಂಜಾನೆ, ಎಲ್ಲರೂ ಕೂಡಿ ಒಂದು ಸುತ್ತು ಹೋಗುವುದನ್ನು ಸೇರಿಸಿದ್ದೇವೆ. ಶಾಲೆಯ ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ; ಫಿಲ್ಟರ್ ರಿಪೇರಿಯಾಗಿದೆಯಂತೆ, ಈಗ ಬೇಕಾಗಿರುವುದು ಓದುವ ಕೋಣೆಗೆ ಎರಡು ಕಪಾಟು ಮತ್ತು ಒಂದು ಟ್ಯೂಬ್‌ಲೈಟು. ಕಪಾಟುಗಳನ್ನು ಕನಕಪುರದಲ್ಲಿಯೇ ಕೊಂಡು ಟೆಂಪೋದಲ್ಲಿ ಹಿಂದಿನ ದಿನವೇ ಕಳಿಸಲಾಗುವುದು. ಟ್ಯೂಬ್‌ಲೈಟನ್ನು ಬೈಕಿಗೆ ಕಟ್ಟಿಕೊಂಡು ಬರುತ್ತೇನೆಂದು ಒಬ್ಬರು ಹಟ ಹಿಡಿದಿದ್ದಾರೆ, ಅವರ ಜೊತೆ ಮಾತುಕತೆ ಇನ್ನೂ ನಡೆದಿದೆ.