ಆರು ಗ್ಲಾಸು, ಐದು ಬಾಟಲಿ

ಜನವರಿಯ ಒಂದು ಶನಿವಾರ. ಸಿನ್ಸಿನಾಟಿಯಲ್ಲಿ ಬೆಳಗ್ಗೆಯಿಂದ ಹಿಮ. ನಮ್ಮ ಬೇಸ್‌ಮೆಂಟಿನ ಮೇಜಿನ ಮೇಲೆ ಹನ್ನೆರಡು ಸಣ್ಣ ಗ್ಲಾಸು. ನನಗೆ ಆರು, ಧಾರವಾಡದ ಗೆಳೆಯನಿಗೆ ಆರು. ಪ್ರತಿ ಗ್ಲಾಸಿನ ತಳಕ್ಕೂ ಒಂದೊಂದು ಬಣ್ಣದ ಹಣೆಬೊಟ್ಟು ಅಂಟಿಸಿತ್ತು. ಅದು ನನ್ನ ಹೆಂಡತಿಯ ಕೆಲಸ. ಯಾವ ಬೊಟ್ಟಿಗೆ ಯಾವ ವಿಸ್ಕಿ ಅನ್ನೋದು ಅವಳ ಫೋನಿನಲ್ಲಿ ಮಾತ್ರ ಇತ್ತು. ಅವಳು ಕುಡಿಯುವುದಿಲ್ಲ, ಹಾಗಾಗಿ ಪರೀಕ್ಷೆಗೆ ಅವಳೇ ಮೇಲ್ವಿಚಾರಕಿ.

ಇದೆಲ್ಲ ಶುರುವಾಗಿದ್ದು ನನ್ನ ಜಂಬದಿಂದ. ಇಲ್ಲಿ ಸೇತುವೆ ದಾಟಿದರೆ ಕೆಂಟಕಿ, ಬೂರ್ಬನ್ ಅನ್ನೋ ವಿಸ್ಕಿಯ ನಾಡು. ಊರಿನಲ್ಲಿ ಬೂರ್ಬನ್ ಅಂದರೆ ಬಿಸ್ಕತ್ತು ಅಂದುಕೊಂಡಿದ್ದ ನಾನು, ಎರಡು ವರ್ಷ ಅಲ್ಲಿಯ ಬಾರ್ಡ್ಸ್‌ಟೌನ್, ಫ್ರಾಂಕ್‌ಫರ್ಟ್ ಅಂತ ಡಿಸ್ಟಿಲರಿ ಸುತ್ತಿದ್ದೆ. ಕುಡಿದದ್ದರ ರುಚಿ, ವಾಸನೆ ಬರೆದು ಒಂದು ನೋಟ್‌ಬುಕ್ ಬೇರೆ ತುಂಬಿಸಿದ್ದೆ. ಚೆರ್ರಿ, ಹಳೆಯ ಚರ್ಮ, ಮಾರ್ಜಿಪಾನ್... ಮಾರ್ಜಿಪಾನ್ ಅನ್ನೋ ಬಾದಾಮಿ ಸಿಹಿಯನ್ನು ನಾನು ಇವತ್ತಿನವರೆಗೂ ತಿಂದಿಲ್ಲ. ಅದನ್ನು ಓದಿದ ಗೆಳೆಯ, "ಬಾಟಲಿ ಮುಚ್ಚಿಟ್ಟು ಹೇಳಪಾ, ಆಮ್ಯಾಲೆ ನೋಡೋಣು" ಅಂದ.

ಐದು ಬಾಟಲಿ ಇಟ್ಟುಕೊಂಡೆವು. ಮೂರು ಬೂರ್ಬನ್: ಬಫಲೋ ಟ್ರೇಸ್, ಮೇಕರ್ಸ್ ಮಾರ್ಕ್, ವೈಲ್ಡ್ ಟರ್ಕಿ 101. ಎರಡು ರೈ: ಬುಲಿಟ್ ಮತ್ತು ರಿಟನ್‌ಹೌಸ್. "ರೈ ಅಂದ್ರೆ ಸಾಸಿವೆ ಅಲ್ವಾ?" ಅಂತ ಹೆಂಡತಿ ಕೇಳಿದಳು. ಹಿಂದಿಯಲ್ಲಿ ಹೌದು. ಆದರೆ ಈ ರೈ ಚಳಿ ದೇಶದ ಧಾನ್ಯ, ಗೋಧಿಯ ದಾಯಾದಿ.

ಧಾನ್ಯದ ಲೆಕ್ಕ ಇಲ್ಲಿ ಕಾನೂನಿನಲ್ಲೇ ಇದೆ. ಬೂರ್ಬನ್ ಅನ್ನಿಸಿಕೊಳ್ಳಲು ಕನಿಷ್ಠ 51% ಮುಸುಕಿನ ಜೋಳ ಇರಬೇಕು. ರೈ ವಿಸ್ಕಿಗೆ ಕನಿಷ್ಠ 51% ರೈ. ಎರಡನ್ನೂ ಒಳಗೆ ಬೆಂಕಿಯಿಂದ ಸುಟ್ಟು ಕಪ್ಪು ಮಾಡಿದ ಹೊಸ ಓಕ್ ಮರದ ಪಾತ್ರೆಯಲ್ಲೇ ಇಡಬೇಕು. ಬೂರ್ಬನ್‌ಗೆ ಬಣ್ಣ ಸೇರಿಸುವ ಹಾಗೂ ಇಲ್ಲ. ಆ ಕೆಂಪು, ಆ ವೆನಿಲಾ ಪರಿಮಳ, ಪಾಕದ ವಾಸನೆ ಬಹುಪಾಲು ಮರದಿಂದಲೇ ಬರಬೇಕು. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬೂರ್ಬನ್ ಮಾಡುವಂತಿಲ್ಲ, ಅದಕ್ಕೇ ಹಳೆಯವು ಸ್ಕಾಟ್ಲೆಂಡಿಗೆ ಹೋಗುತ್ತವೆ. ನಮ್ಮ ಬೆಂಗಳೂರಿನ ಅಮೃತ್‌ನವರೂ ತರಿಸಿಕೊಳ್ಳುತ್ತಾರೆ. ನಾನು ಇಷ್ಟು ಹೇಳುವಷ್ಟರಲ್ಲಿ ಗೆಳೆಯ, "ಮುಸುಕಿನ ಜೋಳ ಅಲ್ಲಲೇ, ಗೋವಿನಜೋಳ ಅನ್ನು" ಅಂತ ತಿದ್ದಿದ. ಅವನು ತಂದಿದ್ದ ಗಿರ್ಮಿಟ್ಟಿನ ಡಬ್ಬಿಯನ್ನು ಹೆಂಡತಿ ಅಡುಗೆಮನೆಯಲ್ಲಿ ಇಟ್ಟು ಬಂದಿದ್ದಳು. ಈರುಳ್ಳಿ, ಹಸಿಮೆಣಸಿನಕಾಯಿ ಬಾಯಿಗೆ ಬಿದ್ದರೆ ಪರೀಕ್ಷೆ ಮುಗಿದ ಹಾಗೆ. ನಮಗೆ ನೀರು ಮತ್ತು ಸಪ್ಪೆ ಬ್ರೆಡ್ಡು ಮಾತ್ರ.

ಗ್ಲಾಸಿಗೆ 15 ಎಂಎಲ್, ಹತ್ತಕ್ಕೆ ಮಾರ್ಕ್ಸು.

ಒಂದನೇ ಗ್ಲಾಸು, ಕೆಂಪು ಬೊಟ್ಟು. ಉತ್ಸಾಹದಲ್ಲಿ ಮೂಗು ಪೂರ್ತಿ ಒಳಗೆ ಹಾಕಿದೆ, ಸ್ಪಿರಿಟ್ಟು ನೆತ್ತಿಗೆ ಹೊಡೆಯಿತು. ಮೂಗನ್ನು ಅಂಚಿನಿಂದ ಸ್ವಲ್ಪ ದೂರ ಹಿಡಿದು, ಬಾಯಿ ಚೂರು ತೆರೆದು ಉಸಿರೆಳೆಯಬೇಕು. ಗೊತ್ತಿತ್ತು, ಮರೆತೆ. ಒಂದು ಗುಟುಕಿಗೆ ನಾಲಿಗೆ ಉರಿಯಿತು. "ಖಾರ ಜಾಸ್ತಿ, ಮರ ಕಹಿ, ಎಳೆಯ ವಿಸ್ಕಿ" ಅಂತ ಬರೆದು ಆರು ಕೊಟ್ಟೆ. ಎರಡನೆಯದು ಮೆತ್ತಗಿತ್ತು. ಬ್ರೆಡ್ಡಿನ ಸಿಹಿ, ಖಾರವೇ ಇಲ್ಲ. ಬಹಳಷ್ಟು ಬೂರ್ಬನ್‌ಗಳಲ್ಲಿ ಜೋಳದ ಜೊತೆ ಹಾಕುವ ರೈ ಜಾಗದಲ್ಲಿ ಗೋಧಿ ಹಾಕಿದ ಮೇಕರ್ಸ್ ಮಾರ್ಕ್ ಇದೇ ಅಂದೆ. ಸರಿಯಾಗಿತ್ತು! ಜಂಬ ಒಂದು ಮೆಟ್ಟಿಲು ಏರಿತು.

ಮೂರನೆಯದರಲ್ಲಿ ಸಿಕ್ಕಿಬಿದ್ದೆ. ಏನೋ ಹಸಿರು ವಾಸನೆ. ಪುದೀನ ಅಂದೆ, ಗೆಳೆಯ ಸೋಂಪು ಅಂದ. ಇಬ್ಬರಿಗೂ ಸಮಾಧಾನವಿಲ್ಲ. ಹೆಂಡತಿ ಸುಮ್ನೆ ಗ್ಲಾಸನ್ನು ಮೂಗಿನ ಹತ್ತಿರ ತಂದು, ಅರ್ಧ ಸೆಕೆಂಡಿನಲ್ಲಿ ಕೆಳಗಿಟ್ಟಳು. "ಸಬ್ಬಸಿಗೆ ಸೊಪ್ಪು ಕಣ್ರೀ." ಅಷ್ಟೇ! ಅಕ್ಕಿರೊಟ್ಟಿಗೆ ಹೆಚ್ಚಿಟ್ಟ ಸಬ್ಬಸಿಗೆ. ಅದು ಬುಲಿಟ್ ರೈ, 95% ರೈ ಇರುವಂಥದ್ದು. ಆ ವಾಸನೆ ಇಲ್ಲಿಯ ಜನರೂ ಅದರಲ್ಲಿ ಗುರುತಿಸುತ್ತಾರೆ. ನಾನು ಎರಡು ವರ್ಷದಿಂದ ಅದಕ್ಕೆ "ಗಿಡಮೂಲಿಕೆ" ಅಂತ ಬರೆದುಕೊಂಡಿದ್ದೆ.

ನಾಲ್ಕನೆಯದು ವೈಲ್ಡ್ ಟರ್ಕಿ, 50.5% ಮದ್ಯಸಾರ. ನುಂಗಿದ ಮೇಲೆ ಎದೆಯೊಳಗೆ ಬೆಚ್ಚಗೆ ಇಳಿಯಿತು. ಕೆಂಟಕಿಯವರು ಇದನ್ನು ಕೆಂಟಕಿ ಅಪ್ಪುಗೆ ಅನ್ನುತ್ತಾರೆ. ಹೊರಗೆ ಹಿಮ ಬೀಳುವಾಗ ಆ ಹೆಸರು ಸರಿಯೇ ಅನ್ನಿಸಿತು. ಐದನೆಯದು ರಿಟನ್‌ಹೌಸ್ ರೈ. ಲವಂಗ, ಕಿತ್ತಳೆ ಸಿಪ್ಪೆ, ಹಿಂದಿನಿಂದ ಬೆಲ್ಲ. ಅದರ ಬಾಟಲಿ ಮೇಲೆ ಬಾಟಲ್ಡ್ ಇನ್ ಬಾಂಡ್ ಅಂತ ಇರುತ್ತದೆ. ಬಣ್ಣ ಕಟ್ಟಿದ ಕಲಬೆರಕೆ ಮದ್ಯ ಮಾರುವವರ ಕಾಟಕ್ಕೆ 1897ರಲ್ಲಿ ಮಾಡಿದ ಕಾನೂನು ಅದು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ ನಾಲ್ಕು ವರ್ಷ ಪೀಪಾಯಿ, ಸರಿಯಾಗಿ 50% ಮದ್ಯಸಾರ. ನನ್ನ ಮಟ್ಟಿಗೆ ಬಾಟಲಿಯ ಮೇಲೆ ಓದಬೇಕಾದ ಸಾಲು ಅದೊಂದೇ, ಉಳಿದದ್ದು ಬಹುತೇಕ ಕಥೆ.

ಆರನೆಯದು ಹಸಿರು ಬೊಟ್ಟು. ಆಹಾ! ಆಲೆಮನೆಯ ಬಿಸಿಬೆಲ್ಲ, ವೆನಿಲಾ, ಒಂದು ಚೂರೂ ಉರಿಯಿಲ್ಲ. ಎಂಟು ಕೊಟ್ಟೆ. "ಇದು ಹಳೆಯದು, ಬೆಲೆಬಾಳುವಂಥದ್ದು" ಅಂದೆ. ಐದೇ ಬಾಟಲಿ ಇಟ್ಟಿದ್ದೇವೆ ಅನ್ನೋದೂ ಆ ಹೊತ್ತಿಗೆ ತಲೆಯಲ್ಲಿರಲಿಲ್ಲ.

ಹೆಂಡತಿ ಫೋನು ತೋರಿಸಿದಳು. ಕೆಂಪು ಬೊಟ್ಟು, ಬಫಲೋ ಟ್ರೇಸ್. ಹಸಿರು ಬೊಟ್ಟು, ಬಫಲೋ ಟ್ರೇಸ್.

ಗೆಳೆಯ ನಕ್ಕು ನಕ್ಕು ಸೋಫಾದ ಮೇಲೆ ಉರುಳಿದ. ಅವನ ಹಾಳೆ ಕಸಿದು ನೋಡಿದೆ, ಅವನದು ಐದು ಮತ್ತು ಏಳು. ನಕ್ಕಿದ್ದು ಸಾಕಾಯಿತು.

ಮರುದಿನ ಪಕ್ಕದ ಮನೆಯ ಅಜ್ಜನಿಗೆ ಹೇಳಿದೆ. ಕೆಂಟಕಿಯಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಮೊದಲ ಗುಟುಕು ಬಾಯಿ ತೊಳೆಯೋಕೆ, ಅದಕ್ಕೆ ಮಾರ್ಕ್ಸು ಕೊಡಬಾರದು ಅಂದರು. ಒಣ ನಾಲಿಗೆಗೆ 45% ಮದ್ಯಸಾರದ ಬಫಲೋ ಟ್ರೇಸ್ ಕೂಡ ಬೆಂಕಿ. 50ರ ಎರಡು ಗ್ಲಾಸು ದಾಟಿ ಬಂದ ಮೇಲೆ ಅದೇ ವಿಸ್ಕಿ ಬೆಲ್ಲದ ನೀರು. ಅವರು ಮೊದಲು ಬೇರೆ ಯಾವುದನ್ನೋ ಒಂದು ಗುಟುಕು ಕುಡಿದು, ಹತ್ತು ನಿಮಿಷ ಬಿಟ್ಟು ಶುರು ಮಾಡುತ್ತಾರಂತೆ. ಎರಡನೇ ಸುತ್ತಿಗೆ ಸಾಲನ್ನು ತಿರುವುಮುರುವು ಮಾಡುತ್ತಾರಂತೆ. ಎರಡು ವರ್ಷ ಡಿಸ್ಟಿಲರಿ ಸುತ್ತುವ ಬದಲು ಬೇಲಿಯಾಚೆ ಒಂದು ಮಾತು ಕೇಳಬಹುದಿತ್ತು.

ಪರೀಕ್ಷೆಯ ರಾತ್ರಿ ಗೆಳೆಯ ನಮ್ಮಲ್ಲೇ ಉಳಿದಿದ್ದ. ಕಾರು ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಗಿರ್ಮಿಟ್ಟು ಮೆತ್ತಗಾಗಿತ್ತು, ಆದರೂ ತಿಂದೆವು. ನಾನು ಮೆಲ್ಲಗೆ ನೋಟ್‌ಬುಕ್ ತೆಗೆದು ಬಫಲೋ ಟ್ರೇಸ್ ಮುಂದೆ ಆರು, ಎಂಟು ಎರಡನ್ನೂ ಹೊಡೆದು ಏಳು ಅಂತ ಬರೆಯುತ್ತಿದ್ದೆ. ಗೆಳೆಯ ಇಣುಕಿ ನೋಡಿದ.

"ಸರಾಸರಿ ತಗೀಲಿಕ್ಕ ಹತ್ತೀಯೇನಪಾ?"

ಮಾರ್ಜಿಪಾನ್ ಅಂತ ಇದ್ದ ಕಡೆಯೆಲ್ಲ ಹೊಡೆದು ಹಾಕಿದ್ದನ್ನು ಮಾತ್ರ ಅವನು ನೋಡಲಿಲ್ಲ.